ಕೊಬ್ಬಿನ ಬುತ್ತಿ

ಮಾರ್ಚ್ ೧೨, ಗುರುವಾರ

‘ನಿಮ್ಮ ಬಾಯಲ್ಲಿ ಕೊಬ್ಬು ಒಳ್ಳೇದು ಅಂತ ಇವತ್ತೇ ಕೇಳಿದ್ದು, ಡಾಕ್ಟ್ರೇ’ ಎಂದು ಲಾಯದ ಮುದುಕ ನಕ್ಕನಲ್ಲ, ಅದು ಇನ್ನೂ ಕಿವಿಯಲ್ಲಿದೆ.

ಎರಡು ಸಲ ಗರ್ಭ ಕಳೆದುಕೊಂಡ ಬೂದು ಕುದುರೆ ಮತ್ತೆ ಗರ್ಭ ಧರಿಸಿ ಇಂದಿಗೆ ಹದಿನಾಲ್ಕನೆಯ ದಿನ. ಸ್ಕ್ಯಾನಿನ ಪರದೆಯಲ್ಲಿ ಕಪ್ಪು ಚುಕ್ಕೆ ಬೆಳಿಗ್ಗೆ ಎಡಗಡೆ ಇತ್ತು, ಮಧ್ಯಾಹ್ನ ಬಲಗಡೆ. ಭ್ರೂಣ ಗರ್ಭಕೋಶದೊಳಗೆ ಇನ್ನೂ ಅಲೆಯುತ್ತಿದೆ.

‘ಎಲ್ಲೂ ಅಂಟಿಕೊಳ್ದೆ ಹೊಟ್ಟೆಗೇನ್ ಮಾಡುತ್ತೆ, ಪಾಪ?’ ಎಂದು ಮುದುಕ ಕೇಳಿದ.

ತಾಯಿಯ ಗರ್ಭಕೋಶ ಒಸರುವ ರಸವಿದೆ, ಜೊತೆಗೆ ಭ್ರೂಣ ತನ್ನೊಳಗೇ ಹನಿಹನಿಯಾಗಿ ತುಂಬಿಕೊಂಡು ಬಂದ ಕೊಬ್ಬಿದೆ, ಅದೇ ಅದರ ಬುತ್ತಿ ಎಂದೆ. ಆಗಲೇ ಅವನು ನಕ್ಕಿದ್ದು. ಹೋದ ತಿಂಗಳು ಇದೇ ಲಾಯದ ಬಾಗಿಲಲ್ಲಿ, ನನ್ನ ಕೆಲಸ ನಾನೇ ಹುಡುಕಿಕೊಳ್ಳುತ್ತೇನೆ ಎಂದ ಮಗಳಿಗೆ ‘ಕೊಬ್ಬು ಜಾಸ್ತಿ ಆಗಿದೆ ನಿಂಗೆ’ ಎಂದು ನಾನು ಕೂಗಿದ್ದನ್ನು ಅವನು ಕೇಳಿಸಿಕೊಂಡಿದ್ದ.

ಅವಳು ಅಂದೇ ಹೊರಟುಹೋದಳು. ಎಲ್ಲೂ ನಿಂತಿಲ್ಲವಂತೆ, ನನ್ನ ತಂಗಿ ಹೇಳುತ್ತಾಳೆ.

ಇನ್ನೆರಡು ದಿನದಲ್ಲಿ ಆ ಚುಕ್ಕೆ ಒಂದು ಕಡೆ ನೆಲೆಯೂರಬೇಕು. ಅಲ್ಲಿಯವರೆಗೆ ಅದು ಸುತ್ತುವುದೇ ತಾನಿದ್ದೇನೆಂದು ತಾಯಿಗೆ ತಿಳಿಸಲು. ಇಪ್ಪತ್ತು ವರ್ಷದಿಂದ ಕುದುರೆ ಸಾಕುವವರಿಗೆಲ್ಲ ಇದನ್ನೇ ಹೇಳುತ್ತ ಬಂದಿದ್ದೇನೆ.

ಮಗಳೇ, ನಾನು ಕೂಗಿದ ಆ ಮಾತಲ್ಲದೆ ಬೇರೆ ಏನನ್ನಾದರೂ ಕಟ್ಟಿಕೊಂಡು ಹೋದೆಯಾ?