ನಮ್ಮ ತರಗತಿಗೆ ಕೆಟ್ಟ ಫ್ಯಾನು ಬೇಕಾಗಿದೆ

ವೃತ್ತಿ ತರಬೇತಿ ಇಲಾಖೆಯ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ, ಮತ್ತು ಮಾನ್ಯರಿಗಿಂತ ಮೊದಲೇ ಈ ಪತ್ರವನ್ನು ಓದಿ ಪಕ್ಕಕ್ಕೆ ಎತ್ತಿಡಲಿರುವ ಸಿಬ್ಬಂದಿಯವರೇ,

ಸಂಜೆ ತರಗತಿಯ ಬಾಗಿಲಿಗೆ ತಾವು ಅಂಟಿಸಿದ ಆದೇಶವನ್ನು ನಿಂತು ಓದಿದೆ. ಮನೆಬಳಕೆಯ ಯಂತ್ರಗಳ ದುರಸ್ತಿ ಕಲಿಯಲು ವಯಸ್ಕ ಅಭ್ಯರ್ಥಿಗಳು ಸರಿಯಾಗಿ ಬರುತ್ತಿಲ್ಲ, ಅದಕ್ಕೆ ಕಾರಣ ‘ಅಭ್ಯರ್ಥಿಗಳಲ್ಲಿ ಪ್ರೇರಣೆಯ ತೀವ್ರ ಕೊರತೆ’, ಆದ್ದರಿಂದ ಈ ತಿಂಗಳ ಕೊನೆಯೊಳಗೆ ಬೆಂಚುಗಳು ತುಂಬದಿದ್ದರೆ ತರಗತಿಯನ್ನು ಮುಚ್ಚಲಾಗುವುದು ಎಂದು ಅದರಲ್ಲಿದೆ. ಸದರಿ ಕೊರತೆಯುಳ್ಳ ಅಭ್ಯರ್ಥಿಗಳಲ್ಲಿ ನಾನೊಬ್ಬ. ಇನ್ನೊಬ್ಬರು ನನ್ನ ಅಪ್ಪ. ತರಗತಿ ಮುಚ್ಚಿದರೆ ನನಗೆ ಸಂಜೆ ಬಿಡುವಾಗುತ್ತದೆ, ಅಷ್ಟೇ. ಅಪ್ಪನಿಗೆ ಕೈಗೆ ಬಂದ ಕೆಲಸ ತಪ್ಪುತ್ತದೆ. ಹಾಗಾಗಿ, ಹಲ್ಲು ಕಿರಿಯುವುದನ್ನೇ ಕಸುಬು ಮಾಡಿಕೊಂಡ ನಾನು ಇವತ್ತು ಗಂಭೀರವಾಗಿ, ಅಂದರೆ ನನ್ನ ಕೈಲಾದಷ್ಟು ಗಂಭೀರವಾಗಿ, ಕೇಳುತ್ತಿದ್ದೇನೆ: ನಮ್ಮ ಪ್ರೇರಣೆಯನ್ನು ಕಿತ್ತುಕೊಂಡವರು ಯಾರು?

ಅಪ್ಪ ಮುದ್ರಣಾಲಯದಲ್ಲಿ ಯಂತ್ರ ಓಡಿಸುತ್ತಿದ್ದವರು. ಮದುವೆ ಕಾಗದ, ರಸೀದಿ ಪುಸ್ತಕ, ಚುನಾವಣೆಯ ಕರಪತ್ರ ಎಲ್ಲವೂ ಅವರ ಕೈಯಿಂದಲೇ ಊರಿಗೆ ಹೋಗುತ್ತಿದ್ದವು. ಮುದ್ರಣಾಲಯ ಮುಚ್ಚಿತು. ಆಮೇಲೆ ಅವರು ಮನೆಯಲ್ಲಿ ಕೂತು ಒಂದೇ ದಿನಪತ್ರಿಕೆಯನ್ನು ಬೆಳಿಗ್ಗೆ ಸುದ್ದಿಗಾಗಿ, ಮಧ್ಯಾಹ್ನ ಅಚ್ಚಿನ ತಪ್ಪಿಗಾಗಿ, ಸಂಜೆ ಬೇರೇನೂ ಮಾಡಲು ಇಲ್ಲದ್ದಕ್ಕಾಗಿ ಓದತೊಡಗಿದರು. ಅಮ್ಮ ನೋಡುವಷ್ಟು ನೋಡಿ, ಸಾಕಾಗಿ, ಅವರನ್ನೂ ನನ್ನನ್ನೂ ಒಟ್ಟಿಗೇ ತಮ್ಮ ಇಲಾಖೆಯ ಈ ಸಂಜೆ ತರಗತಿಗೆ ಅಟ್ಟಿದಳು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಮಗ, ಕೆಲಸ ಕಳೆದುಕೊಂಡ ಗಂಡ, ಇಬ್ಬರೂ ಅವಳ ಕಣ್ಣಿಗೆ ಒಂದೇ ಜಾತಿಯ ಸಾಮಾನು. ಹೀಗೆ ಅಪ್ಪ ಮಗ ಒಂದೇ ಬೆಂಚಿನ ಸಹಪಾಠಿಗಳಾದೆವು. ಹಗಲು ಮಕ್ಕಳು ಕೂರುವ ಶಾಲೆಯ ಬೆಂಚು ಅದು. ಅಪ್ಪನ ಮೊಣಕಾಲು ಮೇಜಿನಡಿ ಹಿಡಿಸದೆ ಅವರು ಇಡೀ ಸಂಜೆ ಓರೆಯಾಗಿ ಕೂರಬೇಕು. ಮೊದಲ ದಿನವೇ ನನ್ನ ಕಿವಿಯಲ್ಲಿ, ಇಲ್ಲಿ ನನ್ನನ್ನು ಅಪ್ಪ ಅಂತ ಕರೆಯಬೇಡ ಎಂದರು. ಆಜ್ಞೆ ಪಾಲಿಸಿದೆ. ಎಲ್ಲರೆದುರು ‘ಏನಣ್ಣಾ’ ಎಂದು ಕರೆದೆ. ತಲೆಗೊಂದು ಮೊಟಕು ಬಿತ್ತು. ಆಮೇಲೆ ನಮ್ಮ ಸಂಬಂಧವನ್ನು ಯಾರಿಗೂ ವಿವರಿಸುವ ಅಗತ್ಯ ಉಳಿಯಲಿಲ್ಲ.

ನಮ್ಮ ಮೇಷ್ಟ್ರದು ಒಂದೇ ಪದ್ಧತಿ. ಪ್ರತಿಯೊಬ್ಬರೂ ಕೆಟ್ಟು ಕೂತ ಒಂದು ವಸ್ತುವನ್ನು ತರಬೇಕು. ತಮ್ಮ ಮನೆಯದು ಆಗಬಾರದು, ಅಕ್ಕಪಕ್ಕದವರದೇ ಆಗಬೇಕು. ಯಾವತ್ತು ವಾಪಸು ಕೊಡುತ್ತೇವೆಂದು ಮಾತು ಕೊಟ್ಟೇ ತರಬೇಕು. ಸ್ವಂತ ಮನೆಯ ಮಿಕ್ಸಿ ಆದರೆ ಇವತ್ತಲ್ಲ ನಾಳೆ ಅನ್ನಬಹುದು, ಪಕ್ಕದ ಮನೆಯವರಾದರೆ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೇ ಕೇಳುತ್ತಾರೆ. ಪಾಠ, ಪರೀಕ್ಷೆ, ಶಿಸ್ತು ಎಲ್ಲ ಆ ಕೇಳುವಿಕೆಯಲ್ಲೇ ಇತ್ತು. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಅಕ್ಕನೊಬ್ಬರು ನಮ್ಮ ಜೊತೆ ಕಲಿಯುತ್ತಿದ್ದರು. ದಿನವಿಡೀ ಒಲೆಯ ಮುಂದೆ ನಿಂತು ಬಂದವರು ಇಸ್ತ್ರಿಪೆಟ್ಟಿಗೆಯೊಂದನ್ನು ಬಿಚ್ಚಿ ಕೂತರೆ ಅವರನ್ನು ಎಬ್ಬಿಸಿ ಮನೆಗೆ ಕಳಿಸಲು ಮೇಷ್ಟ್ರು ದೀಪ ಆರಿಸಬೇಕಾಗುತ್ತಿತ್ತು.

ಅಪ್ಪ ತಂದದ್ದು ಎದುರು ಮನೆಯ ಅಜ್ಜಿಯ ಟೇಬಲ್ ಫ್ಯಾನು. ಸುಟ್ಟ ತಂತಿ ಬಿಚ್ಚಿ, ಹೊಸ ತಂತಿ ಸುತ್ತಿ, ಒರೆಸಿ, ಹೊಳಪು ಕೊಟ್ಟು, ಹೇಳಿದ ದಿನಕ್ಕೇ ಒಯ್ದು ಕೊಟ್ಟರು. ಗುಂಡಿ ಒತ್ತಿದರು. ತಿರುಗಿತು. ಅಜ್ಜಿ ಅದರ ಮುಂದೆ ಕುರ್ಚಿ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಕೂತು ಬಾಯಿಬಿಟ್ಟರು.

“ತಿರುಗೋದೇನೋ ಚೆನ್ನಾಗೇ ತಿರುಗ್ತಿದೆ ಕಣಪ್ಪ. ಗಾಳಿ ಮಾತ್ರ ಹಿಂದಕ್ಕೆ ಹೋಗ್ತಿದೆ. ಸೆಕೆ ಆಗ್ತಿರೋದು ನನಗೆ, ಗೋಡೆಗಲ್ಲ.”

ಒಳಗಿನ ಒಂದು ಸುರುಳಿಯ ತಂತಿಯ ಎರಡು ತುದಿಗಳನ್ನು ಅದಲುಬದಲು ಸೇರಿಸಿದ್ದರಿಂದ ರೆಕ್ಕೆ ಉಲ್ಟಾ ತಿರುಗುತ್ತಿತ್ತು. ನಾನು ಅವತ್ತು ನಕ್ಕಿದ್ದು ಬೀದಿಯ ಕೊನೆಯವರೆಗೆ ಕೇಳಿಸಿತಂತೆ. ಅಪ್ಪ ನಗಲಿಲ್ಲ. ಮರುದಿನ ತರಗತಿಯ ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ, ಫ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಾನ್ಯರೇ, ಇದಕ್ಕೆ ಇಲಾಖೆಯ ಭಾಷೆಯಲ್ಲಿ ಏನನ್ನುತ್ತಾರೋ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ಮಾನದ ಪ್ರಶ್ನೆ ಅನ್ನುತ್ತಾರೆ. ಸರಿಮಾಡಿ ಕೊಟ್ಟ ಮೇಲೆ ಅಜ್ಜಿ ಬೀದಿಗೆಲ್ಲ ಡಂಗುರ ಸಾರಿದರು. ಅದನ್ನು ಕೇಳಿಯೇ ಮೂಲೆಯ ಫ್ಯಾನು ಮಿಕ್ಸಿ ಅಂಗಡಿಯ ಮಾಲೀಕರು ಅಪ್ಪನನ್ನು ಕರೆಸಿ, ಇಲಾಖೆಯ ಪ್ರಮಾಣಪತ್ರವೊಂದು ತನ್ನಿ, ನನ್ನ ರಿಪೇರಿ ಮೇಜಿನ ಮುಂದೆ ನಿಮ್ಮನ್ನು ಕೂರಿಸುತ್ತೇನೆ, ಅಲ್ಲಿಯವರೆಗೆ ಜಾಗ ಖಾಲಿ ಇಟ್ಟಿರುತ್ತೇನೆ ಎಂದದ್ದು. ಅವತ್ತು ಅಪ್ಪ ದಿನಪತ್ರಿಕೆಯನ್ನು ಒಂದೇ ಸಲ ಓದಿದರು.

ಆಗ ಬಂತು ತಮ್ಮ ಸುತ್ತೋಲೆ. ಸುರಕ್ಷತೆಯ ದೃಷ್ಟಿಯಿಂದ ಹೊರಗಿನ ಯಾವುದೇ ವಸ್ತುವನ್ನು ತರಬೇತಿ ಕೇಂದ್ರದೊಳಗೆ ತರತಕ್ಕದ್ದಲ್ಲ. ಬದಲಿಗೆ ತಾವು ಕೃಪೆಯಿಟ್ಟು ಕಳಿಸಿದಿರಿ, ಹಲಗೆಗೆ ಬಿಗಿದ ಹೊಚ್ಚಹೊಸ ಫ್ಯಾನುಗಳನ್ನು. ಕೆಡದ ಫ್ಯಾನುಗಳು. ಸೋಮವಾರ ಅದನ್ನು ಬಿಚ್ಚಬೇಕು, ಮಂಗಳವಾರ ಜೋಡಿಸಬೇಕು, ಬುಧವಾರ ಅದು ತಿರುಗುವುದನ್ನು ಕಂಡು ಸಂತೋಷಪಡಬೇಕು, ಗುರುವಾರ ಮತ್ತೆ ಬಿಚ್ಚಬೇಕು. ಕಾಯಿಲೆಯೇ ಇಲ್ಲದವನ ಹೊಟ್ಟೆ ಕೊಯ್ದು ಹೊಲಿದು ವೈದ್ಯಕೀಯ ಕಲಿಸುವ ಕಾಲೇಜು ಎಲ್ಲಾದರೂ ಉಂಟೇ? ಅಪ್ಪ ಮೊದಲ ದಿನ ಆ ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಯಾರದು ಎಂದು ಕೇಳಿದರು. ಇಲಾಖೆಯದು ಎಂದರು ಮೇಷ್ಟ್ರು. ಇದು ನಿಂತುಹೋದರೆ ಯಾರಿಗೆ ಸೆಕೆಯಾಗುತ್ತೆ ಎಂದು ಅಪ್ಪ ಕೇಳಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ಒರೆಸುವಷ್ಟು ಮಾಸಿರಲಿಲ್ಲ.

ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ನಾನು ನನ್ನ ಅಲ್ಪ ಪ್ರತಿಭೆಯನ್ನು ಸಂಸ್ಥೆಯ ಸೇವೆಗೆ ಅರ್ಪಿಸಿ, ಬಾರದವರ ದನಿಯಲ್ಲೆಲ್ಲ ‘ಹಾಜರ್’ ಎಂದು ಕೂಗುತ್ತಿದ್ದೆ. ಅಡುಗೆಯಕ್ಕನ ದನಿಯಂತೂ ಅವರ ದನಿಗಿಂತ ಚೆನ್ನಾಗಿ ಬರುತ್ತಿತ್ತು. ಅದನ್ನೂ ತಾವು ಸಹಿಸಲಿಲ್ಲ, ಹೆಬ್ಬೆಟ್ಟು ಒತ್ತುವ ಯಂತ್ರ ಕೂರಿಸಿದಿರಿ. ದನಿ ಅನುಕರಿಸಬಲ್ಲೆ, ಹೆಬ್ಬೆಟ್ಟನ್ನು ಎಲ್ಲಿಂದ ತರಲಿ?

ಕೊನೆಗೆ ತಾವು ಕಳಿಸಿದ್ದು ಸ್ಫೂರ್ತಿ ತುಂಬುವ ಭಾಷಣಕಾರರನ್ನು. ಬರುವುದು ಬಿಟ್ಟವರನ್ನೂ ಅವತ್ತು ಮೇಷ್ಟ್ರು ಹೇಳಿಕಳಿಸಿ ಕರೆಸಿದ್ದರು. ಅವರು ಎಲ್ಲರ ಕೈಗೂ ಒಂದೊಂದು ಬಲೂನು ಕೊಟ್ಟು, ನಿಮ್ಮೊಳಗಿನ ಭಯವನ್ನೆಲ್ಲ ಇದರೊಳಗೆ ಊದಿ, ಆಮೇಲೆ ಒಡೆದುಹಾಕಿ ಎಂದರು. ಅಡುಗೆಯಕ್ಕ ಚೆನ್ನಾಗಿ ಊದಿ, ಗಂಟು ಹಾಕಿ, ಮೊಮ್ಮಗುವಿಗೆ ಆಗುತ್ತೆ ಎಂದು ಭಯವನ್ನು ಜೋಪಾನವಾಗಿ ಚೀಲಕ್ಕೆ ಇಳಿಸಿದರು. ನಾನು ಅಲ್ಲಿಯವರೆಗೆ ನಗುತ್ತಲೇ ಇದ್ದೆ. ಆಮೇಲೆ ಭಾಷಣಕಾರರು ಅಪ್ಪನನ್ನು ಎಬ್ಬಿಸಿ ನಿಲ್ಲಿಸಿ, ಬದುಕಿನಲ್ಲಿ ನಿಮ್ಮ ಗುರಿ ಏನು, ದೊಡ್ಡದಾಗಿ ಕನಸು ಕಾಣಿ, ಹೇಳಿ ಎಂದರು. ಅಪ್ಪ ಯೋಚಿಸಿದರು. ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವ ಕೆಟ್ಟ ಚಾಳಿ ಅವರಿಗಿದೆ.

“ಯಾರದಾದ್ರೂ ಒಂದು ಕೆಟ್ಟ ಫ್ಯಾನು ಕೊಡ್ಸಿ ಸರ್. ಸಾಕು.”

ಭಾಷಣಕಾರರು ನಕ್ಕರು. ನೋಡಿ, ಇದನ್ನೇ ನಾನು ನಕಾರಾತ್ಮಕ ಚಿಂತನೆ ಅನ್ನೋದು, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ ಇದನ್ನು ಈ ಕೋಣೆಯಿಂದ ಓಡಿಸೋಣ ಎಂದರು. ಜನ ತಟ್ಟಿದರು. ಕೂರಿ ಎಂದು ಯಾರೂ ಹೇಳದ್ದರಿಂದ ಅಪ್ಪ ಅಷ್ಟು ಹೊತ್ತೂ, ಆ ಮಕ್ಕಳ ಬೆಂಚಿಗೂ ಮೇಜಿಗೂ ನಡುವೆ ಮೊಣಕಾಲು ಪೂರ್ತಿ ನೇರ ಮಾಡಲಾಗದೆ, ಅರ್ಧ ಬಗ್ಗಿ ನಿಂತೇ ಇದ್ದರು. ಮನೆಗೆ ಬರುವಾಗ ದಾರಿಯಲ್ಲಿ, ನಾಳೆಯಿಂದ ನೀನೊಬ್ಬನೇ ಹೋಗು ಎಂದರು. ಯಾಕೆ ಎಂದೆ.

“ಅಲ್ಲಿ ನನ್ನಿಂದ ಸರಿಹೋಗಬೇಕಾದ್ದು ಏನೂ ಇಲ್ಲ ಕಣೋ.”

ನಾನು ತಮಾಷೆ ಮಾಡಿ ನೋಡಿದೆ. ಅಮ್ಮ ಬೈದು ನೋಡಿದಳು, ಅತ್ತು ನೋಡಿದಳು. ಅಂಗಡಿಯ ಮಾಲೀಕರು ಮೊನ್ನೆ ದಾರಿಯಲ್ಲಿ ನನ್ನನ್ನು ನಿಲ್ಲಿಸಿ, ತಿಂಗಳು ಮುಗಿಯುವವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ, ತಪ್ಪು ತಿಳಿಯಬೇಡ ಎಂದರು. ಅವರ ತಪ್ಪೇನಿದೆ? ತರಗತಿ ಇದ್ದರೆ ಪರೀಕ್ಷೆ, ಪರೀಕ್ಷೆ ಆದರೆ ಪ್ರಮಾಣಪತ್ರ, ಅದು ಸಿಕ್ಕರೆ ಆ ಮೇಜು. ತಮ್ಮ ಆದೇಶ ಮೊದಲನೆಯದನ್ನೇ ಎಳೆದುಹಾಕುತ್ತದೆ.

ಕಳೆದ ವಾರ ಅಮ್ಮನ ಕಾಟಕ್ಕೆ ಅಪ್ಪ ನನ್ನ ಜೊತೆ ತಮ್ಮ ಇಲಾಖೆಯ ಕಚೇರಿಗೂ ಬಂದರು. ತಾವು ಸಭೆಯಲ್ಲಿದ್ದಿರಿ. ಸಂದರ್ಶಕರ ಕೋಣೆಯಲ್ಲಿ ಕಾದೆವು. ಎಲ್ಲರೂ ಕಾಗದದಿಂದ ಮುಖಕ್ಕೆ ಗಾಳಿ ಹಾಕಿಕೊಳ್ಳುತ್ತಿದ್ದರು, ಏಕೆಂದರೆ ತಲೆಯ ಮೇಲಿನ ಫ್ಯಾನು ನಿಂತಿತ್ತು. ಅಪ್ಪ ಕತ್ತೆತ್ತಿ ಅದನ್ನೇ ನೋಡುತ್ತಿದ್ದವರು ಎದ್ದು ಹೋಗಿ, ಒಂದು ಏಣಿ ಸಿಗುತ್ತದೆಯೇ, ನೋಡಿಕೊಡುತ್ತೇನೆ ಎಂದು ಬಾಗಿಲ ಬಳಿಯ ಜವಾನರನ್ನು ಕೇಳಿದರು. ಅವರು ಪಾಪ ಒಳ್ಳೆಯವರು. ಹೊರಗಿನವರು ಮುಟ್ಟುವ ಹಾಗಿಲ್ಲ ಯಜಮಾನ್ರೇ, ಗುತ್ತಿಗೆಯವರು ಬರಬೇಕು, ಬರ್ತಾನೇ ಇದಾರೆ ಎಂದರು. ಸಂಜೆಯಾದರೂ ತಾವು ಸಿಗಲಿಲ್ಲ. ಬಸ್ಸಿನಲ್ಲಿ ಅಪ್ಪ, ಎಷ್ಟೋ ದಿನಗಳ ನಂತರ, ತಾವಾಗಿಯೇ ಮಾತಾಡಿದರು. ಕೆಪಾಸಿಟರ್ ಹೋಗಿರಬೇಕು, ಇಲ್ಲವೇ ಬೇರಿಂಗು ಹಿಡಿದಿರಬೇಕು, ಬಿಚ್ಚಿದರೆ ಗೊತ್ತಾಗುತ್ತಿತ್ತು ಎಂದರು. ನಮ್ಮ ನಿಲ್ದಾಣ ಬರುವವರೆಗೆ ಅದನ್ನೇ ಹೇಳಿದರು. ಮನೆಯಲ್ಲಿ ಮಡಚಿಟ್ಟಿದ್ದ ಬೆಳಗಿನ ದಿನಪತ್ರಿಕೆಯನ್ನು ಎತ್ತಿಕೊಂಡರು.

ಆದ್ದರಿಂದ ಮಾನ್ಯರೇ, ಬೇಡಿಕೆ ಇಷ್ಟೇ. ಆದೇಶವನ್ನೂ ಸುತ್ತೋಲೆಯನ್ನೂ ವಾಪಸು ಪಡೆಯಿರಿ. ವಾಪಸು ಪಡೆದರೆ ಇಲಾಖೆಯ ಘನತೆಗೆ ಕುಂದು ಬರುವುದಾದರೆ ಬೇಡ, ಸುತ್ತೋಲೆ ಅದರ ಪಾಡಿಗೆ ಇರಲಿ. ಅದು ತಡೆಯುವುದು ಹೊರಗಿನ ವಸ್ತುಗಳನ್ನು ಮಾತ್ರ. ತಮ್ಮ ಕಚೇರಿಯ ವಸ್ತುಗಳು ಹೊರಗಿನವಲ್ಲವಲ್ಲ? ಆ ಸಂದರ್ಶಕರ ಕೋಣೆಯ ಫ್ಯಾನನ್ನು ಇಳಿಸಿ ಇವತ್ತೇ ನಮ್ಮ ತರಗತಿಗೆ ಕಳಿಸಿ. ಜೊತೆಗೆ ನೀರು ಕಾಯದ ಕೆಟಲು, ಗೊರಗುಟ್ಟುವ ಕೂಲರು, ಬೀರುವಿನ ಹಿಂದೆ ದೂಳು ತಿನ್ನುತ್ತಿರುವ ಎಲ್ಲವನ್ನೂ ಕಳಿಸಿ. ಆದರೆ ಒಂದು ಷರತ್ತು. ಕಳಿಸಿ ಮರೆತುಬಿಡಬೇಡಿ. ಯಾವತ್ತು ಕೊಡುತ್ತೀರಿ ಎಂದು ಅಪ್ಪನನ್ನು ಕೇಳಿ. ಮರುದಿನ ಫೋನು ಮಾಡಿ ಮತ್ತೆ ಕೇಳಿ. ತಡವಾದರೆ ಬೈಯಿರಿ. ಬಾಯಿಗೆ ಬಂದ ಹಾಗೆ ಬೈಯಿರಿ ಸರ್, ಕೈಮುಗಿಯುತ್ತೇನೆ. ಅವರ ಹತ್ತಿರ ಯಾರೂ ಏನನ್ನೂ ಕೇಳದೆ ಬಹಳ ದಿನವಾಯಿತು.

ಇಂತಿ, ಪಕ್ಕದ ಜಾಗಕ್ಕೆ ಚೀಲವಿಟ್ಟು ಯಾರನ್ನೂ ಕೂರಗೊಡದೆ ಕಾದಿರುವ,
ತಮ್ಮ ದಾಖಲೆಯ ಪ್ರಕಾರ ಪ್ರೇರಣೆಯಿಲ್ಲದ,
ಹಿಂದಿನ ಬೆಂಚಿನ ವಿದ್ಯಾರ್ಥಿ