ಇಳಿಜಾರಿನಲ್ಲಿ ಅತ್ತಿಗೆ

ಮಾರ್ಚ್ 11, ಮಧ್ಯಾಹ್ನ 3

ಮೊದಲ ದಿನ ಮುಗಿಯಿತು. ಟೆಂಟಿನಲ್ಲಿ ಕಾಲು ಚಾಚಿ ಕೂತಿದ್ದೇನೆ. ಎಡ ಮೊಣಕಾಲಿನ ಕೆಳಗಿನ ಮೂಳೆ ಹೊರಡುವ ಮೊದಲೇ ಗೊಣಗುತ್ತಿತ್ತು. ಈಗ ಬಾಯಿಬಿಟ್ಟು ಬೈಯುತ್ತಿದೆ. ಅತ್ತಿಗೆಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಐದು ದಿನದ ಬೆಟ್ಟದ ಓಟ. ಒಂಟಿಯಾಗಿ ಯಾರನ್ನೂ ಬಿಡುವುದಿಲ್ಲ, ಜೋಡಿಯಾಗಿಯೇ ಓಡಬೇಕು. ಒಬ್ಬರು ಕೈಬಿಟ್ಟರೆ ಇಬ್ಬರೂ ಮನೆಗೆ. ಅದೃಷ್ಟವಿದ್ದು ಇನ್ನೊಬ್ಬ ಒಂಟಿ ಸಿಕ್ಕರೆ ಮಾತ್ರ ಮುಂದೆ.

ಅತ್ತಿಗೆ ಶಾಲೆಯಲ್ಲಿ ನನ್ನ ಬೆಂಚಿನವಳು. ಅಣ್ಣನನ್ನು ಕಟ್ಟಿಕೊಂಡು ಬಡ್ತಿ ಪಡೆದಳು. ಆಮೇಲೆ ಎರಡು ವರ್ಷ ಆಸ್ಪತ್ರೆ. ಕೂದಲು ಮತ್ತೆ ಬಂತು. ಔಷಧಕ್ಕೆ ಮರಗಟ್ಟಿದ ಬೆರಳ ತುದಿಗಳು ಹಾಗೇ ಉಳಿದವು. ಓಡುವಾಗ ಶಕ್ತಿಗೆಂದು ನುಂಗುವ ಜೆಲ್‌ನ ಪ್ಯಾಕೆಟ್ಟನ್ನೂ ನಾನೇ ಹರಿದು ಕೊಡಬೇಕು. ಟ್ರೀಟ್‌ಮೆಂಟ್ ಮುಗಿದ ದಿನ ಹೇಳಿದ್ದಳು: "ಇಷ್ಟ್ ದಿನ ಈ ಮೈ ಹೇಳಿದ್ದನ್ನ ನಾನು ಕೇಳ್ದೆ. ಒಂದೇ ಒಂದ್ಸಲ ನಾನು ಹೇಳಿದ್ದನ್ನ ಅದು ಕೇಳ್ಲಿ."

ಅದಕ್ಕೇ ಈ ಓಟ. ನನ್ನ ಕಾಲಿನಿಂದಾಗಿ ಅವಳು ಅರ್ಧಕ್ಕೆ ಮನೆಗೆ ಹೋಗಬಾರದು.

ಮಾರ್ಚ್ 12, ಸಂಜೆ

ಬೆಳಿಗ್ಗೆ ಡಾಕ್ಟರಮ್ಮ ಎಲ್ಲರ ಕಾಲನ್ನೂ ಒತ್ತಿ ನೋಡಿದರು. ದಿನವೂ ನೋಡುತ್ತಾರಂತೆ. ಸಂಶಯ ಬಂದರೆ ಮಣಿಕಟ್ಟಿನ ಹಳದಿ ಪಟ್ಟಿಯನ್ನು ಕತ್ತರಿಸಿಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ದರ್ಜಿ, ಬ್ಯಾಗಿನಲ್ಲಿ ಗುಂಡುಪಿನ್ನು ಇದ್ದೇ ಇರುತ್ತದೆ. ಒಂದನ್ನು ಅಂಗೈಗೆ ಒತ್ತಿ ಹಿಡಿದೆ.

"ನೋವಿದೆಯಾ?"

"ಇಲ್ಲ ಡಾಕ್ಟ್ರೇ."

ಮುಖ ಅಲುಗಲಿಲ್ಲ. ಅಂಗೈಯಲ್ಲಿ ರಕ್ತ.

ಹತ್ತುವಾಗ ಹೇಗೋ ನಡೆಯುತ್ತದೆ. ಇಳಿಯುವಾಗಲೇ ಪ್ರಾಣ ಹೋಗುವುದು. ಅದರ ಮೇಲೆ ಅತ್ತಿಗೆಯ ಕಾಟ. ಇಳಿಜಾರು ಬಂತೆಂದರೆ ಸಾಕು, "ತಡಿಯೇ, ಲೇಸ್ ಬಿಚ್ಕೊಳ್ತು" ಎಂದು ನನಗೆ ಬೆನ್ನು ಹಾಕಿ ಕೂರುತ್ತಾಳೆ. ಎಷ್ಟು ಸಲವೋ! ರೇಗಿದೆ: "ಗೋಂದು ಹಾಕಿ ಅಂಟಿಸ್ಕೋ ಅತ್ಲಾಗೆ!" ನಕ್ಕಳು. ರೇಗಿದ್ದು ಬಾಯಿ. ಕಾಲು ಅಷ್ಟು ಹೊತ್ತು ಸುಧಾರಿಸಿಕೊಂಡಿತು.

ಮಾರ್ಚ್ 14, ಮಧ್ಯಾಹ್ನ

ನಿನ್ನೆ ಬರೆಯಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆಯೂ ನೋಯುತ್ತಿತ್ತು.

ಇವತ್ತು ಗೇಟು ಮುಚ್ಚುವ ಹೊತ್ತಿಗೆ ಒಳಗೆ ಬಿದ್ದೆವು, ತಡವಾಗಿದ್ದರೆ ಓಟದಿಂದಲೇ ಹೊರಗೆ. ಕಾರಣ ಮತ್ತೆ ಅದೇ ಲೇಸು. ಎಲ್ಲರ ಎದುರೇ ಕೂಗಾಡಿದೆ. "ನಿಂಗೆ ಮುಗಿಸ್ಬೇಕು ಅಂತ ಇದ್ಯೋ ಇಲ್ವೋ?" ತಲೆ ತಗ್ಗಿಸಿ, "ನಂದೇ ತಪ್ಪು ಕಣೇ" ಎಂದಳು. ಸ್ನಾನಕ್ಕೆ ಹೋದಳು.

ಅವಳ ಶೂ ಒದ್ದೆಯಾಗಿತ್ತು. ಬೈದದ್ದಕ್ಕೆ ಪರಿಹಾರವಾಗಿ ಬಿಸಿಲಿಗೆ ಇಡೋಣವೆಂದು ಎತ್ತಿಕೊಂಡೆ.

ಲೇಸೇ ಇಲ್ಲ.

ಎಲಾಸ್ಟಿಕ್. ಕಪ್ಪು ದಾರ, ಎರಡೆರಡು ಹೊಲಿಗೆ. ನನ್ನದೇ ಕೈ. ಗಂಟು ಹಾಕಲು ಬಾರದ ಬೆರಳುಗಳಿಗೆಂದು, ಯೂನಿಫಾರ್ಮ್ ಆರ್ಡರುಗಳ ಗಲಾಟೆಯ ಮಧ್ಯೆ ನಾನೇ ಹೊಲಿದು ಕೊಟ್ಟಿದ್ದೆ. ಕೊಟ್ಟು ಮರೆತಿದ್ದೆ.

ಹಾಗಾದರೆ ಅಷ್ಟು ಸಲ ಬಗ್ಗಿ ಏನು ಕಟ್ಟುತ್ತಿದ್ದಳು? ಇಳಿಜಾರಿನಲ್ಲೇ ಯಾಕೆ?

ಎಲ್ಲ ಗೊತ್ತಿತ್ತು ಅವಳಿಗೆ. ನನ್ನ ಕಾಲಿಗೆ ವಿಶ್ರಾಂತಿ ಕೊಟ್ಟು ಬೈಗುಳವನ್ನು ತಾನು ತಿಂದಳು. ಶೂ ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ. ಆದರೂ ಏನೂ ಕೇಳಲಿಲ್ಲ. ಕೇಳಿದರೆ ಕಾಲಿನ ವಿಷಯ ಬಾಯಿಗೆ ಬರುತ್ತದೆ. ಒಂದೇ ದಿನ ಉಳಿದಿದೆ.

ಮಾರ್ಚ್ 15, ಬೆಳಿಗ್ಗೆ 6

ಡಾಕ್ಟರಮ್ಮನ ಟೆಂಟಿನ ಕ್ಯೂ. ಕಾಲು ಊದಿಕೊಂಡಿದೆ, ಸಾಕ್ಸ್ ಏರಲಿಲ್ಲ. ಇವತ್ತು ಪಿನ್ನಿನಿಂದ ಕೆಲಸ ಆಗುವುದಿಲ್ಲವೇನೋ. ಸುಮ್ಮನೆ ನಿಲ್ಲಲಾಗದೆ ಬರೆಯುತ್ತಿದ್ದೇನೆ.

ಅತ್ತಿಗೆ ನನಗಿಂತ ಮುಂದೆ. ಒಳಗೆ ಹೋದಳು. ಕುಂಟುತ್ತಿದ್ದಾಳೆ! ಯಾಕೆ?

ಪಕ್ಕದ ಟೆಂಟಿನ ಕ್ಷೌರದಂಗಡಿಯವರು ಬಂದರು. ಅವರ ಭಾವಮೈದನಿಗೆ ಬೆಳಗಿನಿಂದ ವಾಂತಿ, ಪಟ್ಟಿ ಹೋಯಿತಂತೆ. ಕ್ಯೂ ಉದ್ದಕ್ಕೂ ಕೇಳುತ್ತಿದ್ದಾರೆ: "ಯಾರಾದ್ರೂ ಒಂಟಿ ಇದೀರಾ?" ಯಾರೂ ಇಲ್ಲ.

ಒಳಗಿನಿಂದ ಅತ್ತಿಗೆಯ ದನಿ. "ನನ್ನ ಮಂಡಿ ಹೋಯ್ತು ಡಾಕ್ಟ್ರೇ. ನನ್ನ ಕೈಲಿ ಆಗಲ್ಲ, ಕತ್ತರಿಸ್ಬಿಡಿ."

ಸುಳ್ಳು. ನಿನ್ನೆ ನನ್ನ ಬ್ಯಾಗನ್ನೂ ಹೊತ್ತು ಹತ್ತಿದವಳು. ನನ್ನನ್ನು ನಿಲ್ಲಿಸಲು ತನ್ನ ಪಟ್ಟಿಯನ್ನೇ... ಪರದೆಯ ಸಂದಿಯಲ್ಲಿ ಕಾಣುತ್ತಿದೆ, ಡಾಕ್ಟರಮ್ಮ ಕತ್ತರಿಗೆ ಕೈ ಹಾಕಿದರು. ತಡೀರಿ, ಕತ್ತರಿಸ್ಬೇಡಿ—

ಅದೇ ದಿನ, ಸಂಜೆ 4.45

ಮುಕ್ತಾಯದ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ. ಕಾಲಿಗೆ ಬ್ಯಾಂಡೇಜ್ ಕಟ್ಟಿದ್ದಾರೆ. ಮೂಳೆ ಬಿರುಕು ಬಿಟ್ಟಿರಬಹುದಂತೆ. ಬೆಳಿಗ್ಗೆ ಒಳಗೆ ನುಗ್ಗಿ ಡಾಕ್ಟರಮ್ಮನ ಮುಂದೆ ನನ್ನ ಕಾಲನ್ನೇ ಚಾಚಿದೆ, ಒತ್ತಿದಾಗ ಪಿನ್ನು ಹಿಡಿಯಲಿಲ್ಲ. ಕಿರುಚಿದ್ದು ಅಡುಗೆ ಟೆಂಟಿಗೂ ಕೇಳಿಸಿತಂತೆ. ಕತ್ತರಿಸಿದ್ದು ನನ್ನ ಪಟ್ಟಿ.

ಅತ್ತಿಗೆ ಹಟ ಹಿಡಿದಳು. "ನೀನಿಲ್ದೆ ನಾನು ಹೋಗಲ್ಲ."

"ಎಲಾಸ್ಟಿಕ್‌ಗೆ ಲೇಸ್ ಕಟ್ಟೋ ಮಹಾತಾಯಿ, ಹೋಗ್ತೀಯೋ, ಅಣ್ಣಂಗೆ ಫೋನ್ ಮಾಡ್ಲೋ?"

ಪೆಚ್ಚಾದಳು. ಗಟ್ಟಿಯಾಗಿ ತಬ್ಬಿಕೊಂಡಳು. ಕ್ಷೌರದಂಗಡಿಯವರ ಜೊತೆ ಹೊರಟಳು. ನನ್ನನ್ನು ವ್ಯಾನಿನಲ್ಲಿ ಇಲ್ಲಿಗೆ ತಂದು ಕೂರಿಸಿದರು.

ಇವತ್ತು ಐದಕ್ಕೆ ಗೇಟು ಮುಚ್ಚುತ್ತಾರೆ. ಕೊನೆಯ ಇಳಿಜಾರು ಇಲ್ಲಿಂದ ಪೂರ್ತಿ ಕಾಣುತ್ತದೆ. ಖಾಲಿ. ಜೆಲ್ ಯಾರು ಹರಿದು ಕೊಟ್ಟರೋ? ಕ್ಷೌರದಂಗಡಿಯವರಿಗೆ ಹೇಳಲೇ ಇಲ್ಲ ನಾನು.

ಇನ್ನೂ ಖಾಲಿ. ಒಬ್ಬ ಆಗಲೇ ಗೇಟಿನ ಹಗ್ಗ ಬಿಚ್ಚುತ್ತಿದ್ದಾನೆ. ಹೊಡೆಯಬೇಕೆನಿಸುತ್ತಿದೆ.

ಅತ್ತಿಗೆಯ ಕೆಂಪು ಟೋಪಿ! ಪಕ್ಕದಲ್ಲಿ ಅವರೂ ಇದ್ದಾರೆ. ಇಳಿಯುತ್ತಿದ್ದಾಳೆ, ಎಲ್ಲೂ ನಿಲ್ಲದೆ. ಟೈಮ್ ಇದೆ, ಸ್ವಲ್ಪ ಇದೆ. ನನ್ನನ್ನು ನೋಡಿದಳು.

ನಿಂತಳು. ಅಯ್ಯೋ, ಬಗ್ಗಿ ಶೂ ಮುಟ್ಟಿ ಲೇಸ್ ಕಟ್ಟುವ ನಾಟಕ ಮಾಡುತ್ತಿದ್ದಾಳೆ, ಹಲ್ಲು ಕಿರಿಯುತ್ತಿದ್ದಾಳೆ. ಕೋತಿ! ಇದು ತಮಾಷೆಗೆ ಹೊತ್ತೇನೇ? ಓಡೇ ಅತ್ತಿಗೆ, ಓ—