ನೀಲಿ ಬಳಿದ ತೊಟ್ಟಿ

ಹಿತ್ತಿಲ ಮೆಟ್ಟಿಲು,
ಜೂನ್ ಹನ್ನೊಂದು, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಸೊಂಟನೋವು ಹೇಗಿದೆ? ಗುಂಡನಿಗೆ ಕೆಳಗಿನ ಹಲ್ಲು ಬಂದಿದೆಯೆಂದು ಅಳಿಯಂದಿರು ಹೇಳಿದರು. ಹಾಗಾದರೆ ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿರಬೇಕು. ಆ ವಯಸ್ಸಿನಲ್ಲಿ ನೀನು ನಿನ್ನಪ್ಪನ ಬಣ್ಣದ ಬ್ರಷ್ಷಿನ ಹಿಡಿಯನ್ನೇ ಕಡಿದು ಹಾಕಿದ್ದೆ. ನಾವಿಬ್ಬರೂ ಆರಾಮ. ನಿನ್ನಪ್ಪನಿಗೆ ಏಣಿ ಹತ್ತಿ ಎಂದರೆ ಮೊಣಕಾಲು ನೋಯುತ್ತದೆ, ಊಟಕ್ಕೆ ಬನ್ನಿ ಎಂದರೆ ನೋಯುವುದಿಲ್ಲ.

ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ. "ಆ ಹಿತ್ತಿಲ ತೊಟ್ಟಿಗೆ ಮಣ್ಣು ತುಂಬಿಸಿ ಮುಚ್ಚಿಸಮ್ಮ, ಆಮೇಲೇ ರಜಕ್ಕೆ ಮಗೂನ ಕರ್ಕೊಂಡು ಬರ್ತೀನಿ" ಎಂದೆಯಲ್ಲ, ಆ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಸೊಳ್ಳೆ ಕಚ್ಚಿ ಮೈಯೆಲ್ಲ ದದ್ದೆದ್ದು ಜ್ವರದಲ್ಲಿ ನರಳುತ್ತಿದ್ದ ಕೂಸನ್ನು ಎತ್ತಿಕೊಂಡು ನೀನು ಹೊರಟಾಗ ಬಾಗಿಲಲ್ಲಿ ನಿಂತು ನೋಡಿದವಳು ನಾನೇ. ಆದರೂ ತೊಟ್ಟಿಯ ಪರವಾಗಿ ವಾದಿಸಲು ಯಾರಾದರೂ ಬೇಕಲ್ಲ. ಅದಕ್ಕೆ ಬಾಯಿಲ್ಲ, ನನಗೆ ಸ್ವಲ್ಪ ಹೆಚ್ಚೇ ಇದೆ.

ನೀನು ಮಗುವಿನ ಜೊತೆ ಮೊದಲ ಸಲ ಬರುತ್ತೀಯೆಂದು ನಿನ್ನಪ್ಪ ಮಾಡಿದ ಕೆಲಸ ನೆನಪಿದೆಯೇ? ಜೀವಮಾನವೆಲ್ಲ ಗೋಡೆಗೆ ಬಣ್ಣ ಬಳಿದವರು ಅವರು. ಹಳೆಯದನ್ನು ಕೆರೆದು ತೆಗೆಯದೆ ಹೊಸದು ನಿಲ್ಲುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ತೊಟ್ಟಿಯನ್ನೂ ಗೋಡೆಯೆಂದೇ ತಿಳಿದರು. ನೀರು ಬಸಿದು, ಬಳ್ಳಿ ಕಿತ್ತು, ತಂತಿ ಬ್ರಷ್ಷಿನಿಂದ ಪಾಚಿ, ಬಸವನಹುಳು ಒಂದನ್ನೂ ಬಿಡದೆ ಉಜ್ಜಿ, ಒಳಗೆಲ್ಲ ಆಕಾಶನೀಲಿ ಬಳಿದರು. ಬಕೆಟ್ಟಿನಲ್ಲಿ ಕಾಪಾಡಿಟ್ಟ ಮೀನುಗಳನ್ನು ಬೆಕ್ಕು ಮುಗಿಸಿತು. ಬಣ್ಣ ಒಣಗಿ ಹೊಸ ನೀರು ತುಂಬಿದ ಮೇಲೆ "ಕನ್ನಡಿ ಆಗಿದೆ ನೋಡೇ, ಬೇಕಾದ್ರೆ ತಲೆ ಬಾಚ್ಕೋ" ಎಂದು ನನ್ನನ್ನು ಕರೆದು ತೋರಿಸಿದರು. ಆ ಕನ್ನಡಿಗೆ ಮೊದಲು ಬಂದವಳು ಸೊಳ್ಳೆ.

ಸೊಳ್ಳೆಗೇನು, ನಿಂತ ನೀರೊಂದಿದ್ದರೆ ಸಾಕು, ಇಟ್ಟ ಮೊಟ್ಟೆ ನೋಡನೋಡುತ್ತಿದ್ದಂತೆ ಮರಿಯಾಗಿ, ರೆಕ್ಕೆ ಬಂದು ಹಾರಿಹೋಗುತ್ತದೆ. ಅದನ್ನು ತಿನ್ನುವವರಿಗೆ ಅಷ್ಟು ಅವಸರವಿಲ್ಲ. ಏರೋಪ್ಲೇನ್ ಚಿಟ್ಟೆ ಬಂದು ಮೊಟ್ಟೆಯಿಡಲು ನೀರಲ್ಲಿ ಗಿಡ ಬೇಕು. ಅದರ ಮರಿ ನೀರಿನೊಳಗೇ ತಿಂಗಳುಗಟ್ಟಲೆ ಬೆಳೆಯಬೇಕು, ಅಷ್ಟು ದಿನವೂ ಅದಕ್ಕೆ ಊಟ ಸಿಗಬೇಕು. ಊಟ ಮೊದಲು, ಉಣ್ಣುವವರು ಆಮೇಲೆ. ಆ ನಡುವಿನ ದಿನಗಳಲ್ಲೇ ನೀವು ಬಂದಿರಿ, ಮಗಳೇ. ಗುಂಡನನ್ನು ಕಚ್ಚಿದ್ದು ತೊಟ್ಟಿಯಲ್ಲ, ಆ ಖಾಲಿತನ.

ನೀನು ಹೋದಮೇಲೆ ಸಸಿ ಮಾರುವವನ ಹತ್ತಿರ ಒಂದು ಹಿಡಿ ನೀರುಬಳ್ಳಿ ಬೇಡಿ ತಂದು ಬಿಟ್ಟೆ. ಅದರ ಬೇರಿಗಂಟಿಕೊಂಡು ಯಾರುಯಾರು ಬಂದರೋ, ಕರೆಯದೇ ಬಂದವರೇ ಹೆಚ್ಚು. ಪಾಚಿ ಹಿಡಿಯಿತು, ಪಾಚಿ ಮೇಯಲು ಬಸವನಹುಳು ಬಂತು, ಒಂದು ಮಳೆಗೆ ಕಪ್ಪೆ ತಾನಾಗಿ ಬಂದು ಸಂಸಾರ ಹೂಡಿತು. ಹೋದ ವಾರ ಜಾಮಿನ ಬಾಟಲಿಯಲ್ಲಿ ತೊಟ್ಟಿಯ ನೀರು ಮೊಗೆದು ಕಿಟಕಿಯಲ್ಲಿಟ್ಟಿದ್ದೆ. ಏರೋಪ್ಲೇನ್ ಚಿಟ್ಟೆಯ ಮರಿ ಕೆಸರು ಬಣ್ಣದ್ದು, ನೋಡಲು ಏನೂ ಚೆಂದವಿಲ್ಲ. ಅದು ಸುಮ್ಮನೆ ಕೂತು, ಸೊಳ್ಳೆಮರಿ ಹತ್ತಿರ ಬಂದದ್ದೇ ತಡ, ಮುಖದಡಿ ಮಡಚಿಟ್ಟ ಕೈಯಂಥದ್ದೊಂದನ್ನು ಚಾಚಿ ಹಿಡಿದು ತಿಂದೇಬಿಟ್ಟಿತು. ನಿನ್ನಪ್ಪ ಕನ್ನಡಕ ಹಾಕಿಕೊಂಡು ನೋಡಿ, "ಥೇಟ್ ನಿಮ್ಮಕ್ಕ ಕಣೇ, ಮಾತಿಲ್ಲ ಕತೆಯಿಲ್ಲ, ತಟ್ಟೆ ಖಾಲಿ" ಎಂದರು. ದೊಡ್ಡಮ್ಮನಿಗೆ ಇದನ್ನು ಹೇಳಬೇಡ.

ಸೊಳ್ಳೆ ಒಂದೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಬೀದಿಯಲ್ಲಿರುವಷ್ಟು ಇಲ್ಲೂ ಇವೆ. ಎಲ್ಲಿಂದ ಬರುತ್ತವೆಂದು ಹುಡುಕುತ್ತಾ ಹೋದರೆ, ಶೆಡ್ಡಿನ ಹಿಂದೆ ನಿನ್ನಪ್ಪ "ಬೇಕಾಗ್ತವೆ, ಇರ್ಲಿ" ಎಂದು ಪೇರಿಸಿಟ್ಟ ಖಾಲಿ ಬಣ್ಣದ ಡಬ್ಬಗಳಲ್ಲಿ ಮಳೆನೀರು ನಿಂತು ಮರಿಗಳು ಗಿಜಿಗುಡುತ್ತಿದ್ದವು. ಅಲ್ಲಿ ಗಿಡವಿಲ್ಲ, ಕಪ್ಪೆಯಿಲ್ಲ, ಕೇಳುವವರೇ ಇಲ್ಲ. ಎಲ್ಲವನ್ನೂ ಬೋರಲು ಹಾಕಿದ್ದೇನೆ. ತೊಟ್ಟಿ ಮುಚ್ಚಿ ಡಬ್ಬ ಉಳಿಸಿಕೊಂಡಿದ್ದರೆ ಕಾವಲುಗಾರರನ್ನು ಓಡಿಸಿ ಕಳ್ಳರಿಗೆ ಹಾಸಿಗೆ ಹಾಸಿಕೊಟ್ಟ ಹಾಗಾಗುತ್ತಿತ್ತು. ಈಗ ಸಂಜೆಹೊತ್ತು ತೋಳಿಗೆ ಏನೂ ಸುತ್ತಿಕೊಳ್ಳದೆ ತೊಟ್ಟಿಯ ಕಟ್ಟೆಯ ಮೇಲೆ ಕೂರುತ್ತೇನೆ. ಗುಂಡನಿಗೆಂದು ಸೊಳ್ಳೆಪರದೆಯನ್ನೂ ಹೊಲಿದಿಟ್ಟಿದ್ದೇನೆ, ಬಂದರೆ ಇರಲಿ ಎಂದು.

ಅಳಿಯಂದಿರಿಗೆ ನಮ್ಮಿಬ್ಬರ ನೆನಪು ಹೇಳು. ಗುಂಡನ ಹೊಸ ಹಲ್ಲಿಗೆ ನನ್ನ ಬೆರಳು ಮೀಸಲು. ನಿನ್ನ ಮನೆ ತಣ್ಣಗಿರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಅಮ್ಮ

ಅವಸರದಲ್ಲಿ ಇನ್ನೊಂದು: ಇದನ್ನು ಮಡಚುವಷ್ಟರಲ್ಲಿ ನಿನ್ನಪ್ಪ ಬರಹೇಳಿದ್ದ ಮಣ್ಣಿನ ಗಾಡಿ ಬಂದೇಬಿಟ್ಟಿತು. ನಾನು ಅಡ್ಡ ನಿಂತೆ. "ನಂಗೆ ಮಗಳು ಬರೋದು ಮುಖ್ಯ ಕಣೇ, ತೊಟ್ಟಿ ಅಲ್ಲ" ಎಂದರು. ಕೈಯಲ್ಲಿದ್ದ ಈ ಕಾಗದ ತೋರಿಸಿದೆ. ನಿನ್ನ ಮಾತು ಕೇಳುವವರೆಗೆ ಸಲಿಕೆ ಮುಟ್ಟುವುದಿಲ್ಲವೆಂದು ಒಪ್ಪಿದ್ದಾರೆ. ಕಾಗದ ಮುಟ್ಟಿದ ಕೂಡಲೇ ಫೋನ್ ಮಾಡಿ, ತೊಟ್ಟಿ ಇದ್ದರೂ ಬರುತ್ತೀಯೋ ಇಲ್ಲವೋ ಅಷ್ಟನ್ನೇ ಹೇಳು. ಬರುವುದಿಲ್ಲ ಎಂದರೆ ಮತ್ತೆ ವಾದ ಮಾಡುವುದಿಲ್ಲ, ಮೊದಲ ಬುಟ್ಟಿ ಮಣ್ಣು ನಾನೇ ಸುರಿಯುತ್ತೇನೆ. ಆದರೆ ಒಂದು ದಿನ ಬಿಡುವು ಕೊಡು. ಒಳಗಿರುವವರನ್ನೆಲ್ಲ ಮೊಗೆದು ಸಸಿ ಮಾರುವವನ ತೊಟ್ಟಿಗೆ ಸೇರಿಸಿ ಬರಬೇಕು.